ಒಂಬತ್ತು ಕೈಗಳ ಪರೀಕ್ಷೆ

ಆ ತಿಂಗಳು ಲಗ್ಗೆರೆಯ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆದ ಮೂವರು ಬಾಣಂತಿಯರ ಹೊಲಿಗೆ ಕೀವುಗಟ್ಟಿತು. ಎಲ್ಲರ ಅನುಮಾನ ಹೊಸ ನರ್ಸ್ ವೇಣಿಯ ಮೇಲೆ ಬಿತ್ತು. ಆದರೆ ನಿಜವಾದ ಕಾರಣ ತನ್ನ ಹೆಬ್ಬೆರಳಿನ ಉಗುರುಸುತ್ತು ಎಂಬುದು ಆಪರೇಷನ್ ಥಿಯೇಟರಿನ ಟೆಕ್ನಿಶಿಯನ್ ಪಂಚಾಕ್ಷರಿಗೆ ಮಾತ್ರ ಗೊತ್ತಿತ್ತು. ಹದಿನಾರು ವರ್ಷ ಹೊಸಬರಿಗೆಲ್ಲ ಕೈ ತೊಳೆಯುವುದನ್ನು ಕಲಿಸಿದವನು ಅವನೇ. ಬೆರಳು ಬಾತಾಗ ರಜೆ ಕೇಳಬೇಕಿತ್ತು. ನಾಚಿಕೆಯಿಂದ ಗ್ಲೌಸಿನೊಳಗೆ ಮುಚ್ಚಿಕೊಂಡ. ಅವಸರದಲ್ಲಿ ಕೆಲವು ಡ್ರೆಸಿಂಗುಗಳು ಗ್ಲೌಸಿಲ್ಲದೆಯೇ ಮುಗಿದಿದ್ದವು.

"ನಾಳೆ ಎಲ್ಲರೂ ಡ್ಯೂಟಿಗೆ ಬಂದ ತಕ್ಷಣ, ಕೈ ತೊಳೆಯೋಕೆ ಮುಂಚೆ, ಸ್ವಾಬ್ ತಗೊಳ್ಳಿ. ನಿಮ್ದೂ ಸೇರಿ ಒಂಬತ್ತು," ಎಂದು ಡಾಕ್ಟರ್ ಕೃಪಾ ಅವನಿಗೆ ಹೇಳಿದರು. "ನೀವಾದ್ರೆ ನಂಗೆ ಯೋಚ್ನೆ ಇಲ್ಲ."

ಹತ್ತಿ ಸುತ್ತಿದ ಕಡ್ಡಿಯನ್ನು ಅಂಗೈಗೆ, ಉಗುರಿನ ಸಂದಿಗೆ ಉಜ್ಜಿ ಕೊಳವೆಗೆ ಹಾಕಿ ಲ್ಯಾಬಿಗೆ ಕಳಿಸುವ ಕೆಲಸ. ಕಡ್ಡಿಗೆ ಅಂಟಿದ ರೋಗಾಣುವನ್ನು ಅಲ್ಲಿ ಬೆಳೆಸಿ ನೋಡುತ್ತಾರೆ. ತನ್ನ ಕಡ್ಡಿಯನ್ನು ವೇಣಿಯ ಹೆಸರಿಗೆ ಹಾಕಿಬಿಡುವ ಯೋಚನೆ ಒಂದು ಕ್ಷಣ ಬಂದು ಹೋಯಿತು. ಅಷ್ಟು ಕೆಳಗಿಳಿಯಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ. ಬೇರೆಯವರ ಕೈಗೆ ಎರಡು ಕಡ್ಡಿ ಉಜ್ಜಿ ಒಂದನ್ನು ತನ್ನದಾಗಿಸಬಹುದಿತ್ತು. ಆದರೆ ಯಾರ ಕೈಯನ್ನು ನಂಬುವುದು? ಸೀಲು ಒಡೆದು ಯಾವುದಕ್ಕೂ ತಾಗಿಸದ ಕಡ್ಡಿಯಷ್ಟು ಶುದ್ಧವಾದದ್ದು ಬೇರೊಂದಿಲ್ಲ. ಥಿಯೇಟರಿನ ಲೆಕ್ಕದಲ್ಲಿ ಶುದ್ಧವೆಂದರೆ ಸೊನ್ನೆ. ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ, ತನ್ನದನ್ನು ಏಳನೆಯದಾಗಿ ಇಡುವುದೆಂದು ನಿರ್ಧರಿಸಿದ.

ಬೆಳಿಗ್ಗೆ ಆಯಾ ಮಹಾಂತಮ್ಮ ಕೈ ಚಾಚಿದಳು. "ಚಟ್ನಿ ವಾಸ್ನೆ ಬಿಟ್ರೆ ಇದ್ರಾಗೆ ಇನ್ನೇನ್ ಸಿಕ್ಕೀತಪ್ಪ?"

ವೇಣಿಯ ಕೈ ತಣ್ಣಗಿತ್ತು. "ಸಾರ್, ಏನಾದ್ರೂ ಬಂದ್ರೆ ಕೆಲ್ಸದಿಂದ ತೆಗೀತಾರಾ?"

"ಹಂಗೇನಾಗಲ್ಲ ಸುಮ್ನಿರಮ್ಮ," ಎಂದ, ಅವಳ ಮುಖ ನೋಡದೆ.

ಸ್ಟೋರ್ ರೂಮಿಗೆ ಹೋಗಿ ಒಣ ಕಡ್ಡಿಯನ್ನು ಕೊಳವೆಗಿಳಿಸಿ ತನ್ನ ಹೆಸರು ಅಂಟಿಸಿದ. ಆಮೇಲೆ ಎರಡೆರಡು ಗ್ಲೌಸು ತೊಟ್ಟು, ಕೀವಾದ ಮೂವರಲ್ಲಿ ಒಬ್ಬಳಾದ ಭಾಗ್ಯಮ್ಮನ ಡ್ರೆಸಿಂಗಿಗೆ ಹೋದ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸು, ಹದಿನೆಂಟು ದಿನದಿಂದ ಮಂಚ ಬಿಟ್ಟಿರಲಿಲ್ಲ. "ನಿನ್ ಕೈಗುಣ ಒಳ್ಳೇದು ಕಣಣ್ಣ, ನೋವೇ ಗೊತ್ತಾಗಲ್ಲ," ಎಂದಳು. ಕೀವು ಒರೆಸುತ್ತಿದ್ದ ಅವನಿಗೆ ಭೂಮಿಗಿಳಿದು ಹೋಗುವಂತಾಯಿತು. ಹೊಸ ಪಟ್ಟಿ ಅಂಟಿಸಿ ಎದ್ದ.

ನಾಲ್ಕನೆಯ ದಿನ ವರದಿ ಬಂತು. ವೇಣಿಯ ಕೈಯಲ್ಲಿ ದೋಷವಿಲ್ಲವೆಂದು ಕೇಳಿ ಅವನಿಗೆ ನಿಜಕ್ಕೂ ಹಗುರಾಯಿತು. "ನಿಮ್ದರಲ್ಲಿ ಏನೂ ಬೆಳೆದಿಲ್ಲ," ಎಂದರು ಕೃಪಾ. ಅವನು ತಲೆದೂಗಿದ. ಅವರು ವರದಿಯಿಂದ ಕಣ್ಣೆತ್ತಲಿಲ್ಲ. "ಮಿಕ್ಕ ಎಂಟು ಜನರದ್ದರಲ್ಲೂ ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆದಿದೆ. ಯಾರ ಚರ್ಮದ ಮೇಲಾದ್ರೂ ಇರೋವಂಥದ್ದೇ, ಅಪಾಯ ಇಲ್ಲ. ನಿಮ್ದು ತೊಳೆಯದೇ ಇರೋ ಕೈ, ಪಂಚಾಕ್ಷರಿ. ಬದುಕಿರೋ ಮನುಷ್ಯನ ಕೈ ಮುಟ್ಟಿದ ಕಡ್ಡಿ ಇಷ್ಟು ಶುದ್ಧವಾಗಿರೋದಿಲ್ಲ."