ಎಡಕ್ಕೆ ಕೆಂಪು, ಬಲಕ್ಕೆ ನೀಲಿ

"ಕಾಕಾ, ನನ್ನ ಗಂಡ ಇನ್ನ ಗಾಡಿ ಮುಟ್ಟಂಗಿಲ್ಲ ಅನ್ನಾಕತ್ತಾನ. ನಾಳೆ ವಿಚಾರಣಿ ಐತಿ. ನೌಕರಿ ಹೋಗತೈತಿ," ಎನ್ನುತ್ತ ಬಾನುಬಿ ಪುಂಡಲೀಕಪ್ಪ ಕಾಕಾನ ಎದುರಿಗೆ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತಳು.

ಗದಗ ಹೊಸ ಜಿಲ್ಲೆಯಾಗಿ ಒಂದು ವರ್ಷವಾಗಿತ್ತು. ಮುಂಡರಗಿಯಲ್ಲಿ ನನ್ನದು ಗಾಡಿಗಳ ವೈರಿಂಗ್ ಅಂಗಡಿ. ಮೇಲಿನ ಖೋಲಿಯಲ್ಲಿ ಕಾಕಾ ಇದ್ದರು. ಮೂವತ್ತು ವರ್ಷ ರೈಲಿನ ದೀಪ ನೋಡಿಕೊಂಡು ನಿವೃತ್ತರಾದವರು. ಊರಿನಲ್ಲಿ ಯಾರಿಗೂ ಬಗೆಹರಿಯದ್ದೆಲ್ಲ ಅವರ ಹತ್ತಿರ ಬರುತ್ತಿತ್ತು. ಅವರು ಎಲ್ಲಿಗೆ ಹೊರಟರೂ ಅವರನ್ನು ನನ್ನ ಲೂನಾದಲ್ಲಿ ಕೂರಿಸಿಕೊಂಡು ಹೋಗುವವನು ನಾನೇ.

ಬಾನುಬಿಯ ಗಂಡ ಮರ್ದಾನಸಾಬ ಫೈರ್ ಗಾಡಿಯ ಡ್ರೈವರ್. ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಹಿರೇವಡ್ಡಟ್ಟಿ ದಾರಿಯಲ್ಲಿ ಬೆಂಕಿ ಎಂದು ಫೋನ್ ಬಂತು. ಹೋಗುವಾಗ ದಾರಿ ತುಂಬ ಧೂಳು. ಧೂಳಿನ ಒಳಗೆ, ತನ್ನ ಮುಂದೆ, ಇನ್ನೊಂದು ಫೈರ್ ಗಾಡಿಯ ಕೆಂಪು-ನೀಲಿ ದೀಪಗಳು ಮಿಣುಕುತ್ತಿದ್ದವು. ಗದಗಿನ ಗಾಡಿ ಮೊದಲೇ ಬಂದಿದೆ ಎಂದುಕೊಂಡು ಹಿಂದೆ ಬಿದ್ದ. ದೀಪಗಳು ಅವನನ್ನು ಸೇತುವೆ ಕೊಚ್ಚಿಹೋದ ಹಳೆಯ ದಾರಿಗೆ ಕರೆದೊಯ್ದು, ಹಳ್ಳದ ದಂಡೆಯಲ್ಲಿ ಆರಿಹೋದವು. ಅಷ್ಟರಲ್ಲಿ ಗೋಣೆಪ್ಪನ ಬೀಜದ ಗೋದಾಮು ಬೂದಿಯಾಗಿತ್ತು. ಗದಗಿನಿಂದ ಯಾವ ಗಾಡಿಯೂ ಹೊರಟೇ ಇರಲಿಲ್ಲ.

ಅದೇ ಹಳ್ಳದಲ್ಲಿ ಎರಡು ವರ್ಷದ ಹಿಂದೆ ಮಹಾಪೂರ ಬಂದು ಹಳೆಯ ಫೈರ್ ಗಾಡಿ ತೇಲಿಹೋಗಿತ್ತು. ಅದರ ಡ್ರೈವರ್ ಮುದಕಪ್ಪನೂ ಹೋಗಿದ್ದ. ಮರ್ದಾನಸಾಬನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ.

ನಾವು ಹೋದಾಗ ಮರ್ದಾನಸಾಬ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ.

"ಹಿಂದ ಕುಂತವರಿಗೆ ಏನೂ ಕಂಡಿಲ್ಲ. ನಾನು ಕುಡದಿದ್ದೆ ಅಂತಾರ. ಅಂವಾ ಕರದಾನ್ರಿ ಕಾಕಾ, ಮುದಕಪ್ಪ."

"ಇರಲಿ. ಮೊದಲ ಕಂಡಾಗ ಕೆಂಪು ಯಾ ಕಡಿ ಇತ್ತು?"

"ಎಡಕ್ಕ. ನೀಲಿ ಬಲಕ್ಕ."

ನನಗೆ ತಡೆಯಲಾಗಲಿಲ್ಲ. "ಆಗಾಕ ಸಾಧ್ಯ ಇಲ್ಲ ಕಾಕಾ. ಈ ಗಾಡಿಗೂ ಮುದಕಪ್ಪನ ಗಾಡಿಗೂ ದೀಪ ಕೂಡಿಸಿದಾಂವ ನಾನ. ಡ್ರೈವರ್ ಕಡಿ ಕೆಂಪು, ಕ್ಲೀನರ್ ಕಡಿ ನೀಲಿ. ಮುಂದೂ ಹಂಗ, ಹಿಂದೂ ಹಂಗ. ಹಿಂದಿನಿಂದ ನೋಡಿದ್ರ ಕೆಂಪು ಬಲಕ್ಕ ಬರಬೇಕು."

ಬಾನುಬಿ ಸೆರಗು ಬಿಗಿಯಾಗಿ ಹೊದ್ದುಕೊಂಡಳು. "ದೆವ್ವಕ್ಕ ಪಾದ ಹಿಂದಮುಂದ ಇರತಾವಂತ. ಗಾಡಿಗೂ ಹಂಗ ಏನ್ರಿ?"

"ದೆವ್ವಕ್ಕ ವೈರಿಂಗ್ ಬರಂಗಿಲ್ಲವಾ," ಎಂದರು ಕಾಕಾ. "ಮುಸ್ತಾಕಾ, ಲೂನಾ ತಗಿಯೋ."

ಹಳೆಯ ದಾರಿಯಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಹುಣಸೆ ಮರದ ಬುಡದಲ್ಲಿ ಟ್ರ್ಯಾಕ್ಟರಿನ ಗಾಲಿಯ ಗುರುತು ಹೊಲಕ್ಕೆ ಇಳಿದಿತ್ತು. ಅಲ್ಲೇ ಕೆಂಪು ಬಳಿದ ಒಡೆದ ಬಲ್ಬೊಂದು ಬಿದ್ದಿತ್ತು. ಕಾಕಾ ಉಗುಳು ಹಚ್ಚಿ ತಿಕ್ಕಿದರೆ ಬೆರಳು ಗುಲಾಬಿಯಾಯಿತು. ಹಳ್ಳ ಅಲ್ಲಿಂದ ಇನ್ನೂ ಎರಡು ಫರ್ಲಾಂಗು ಮುಂದಿತ್ತು. ಅಲ್ಲಿಯ ತನಕ ಫೈರ್ ಗಾಡಿಯ ಗಾಲಿಗಳು ಮಾತ್ರ ಹೋಗಿದ್ದವು.

ಊರಿನವರ ಬೆರಳು ರಫೀಕನ ಕಡೆಗಿತ್ತು. ಅವನ ಗ್ಯಾರೇಜು ಫೈರ್ ಠಾಣೆಯ ಹಿಂದೆಯೇ ಇತ್ತು. ದಿನಾ ಗಾಡಿ ತೊಳೆಯುವವನೂ, ಡ್ರೈವರ್ ಕೆಲಸಕ್ಕೆ ಆಸೆಪಟ್ಟವನೂ ಅವನೇ. ಮರ್ದಾನಸಾಬ ಮನೆ ಹಿಡಿದ ಮೇಲೆ ಗಾಡಿಯ ಚಾವಿಯೂ ಅವನ ಹತ್ತಿರವೇ ಇತ್ತು. ಆದರೆ ಕಾಕಾ ಠಾಣೆಯ ಗೇಟಿನ ಎದುರಿಗೆ, ಗೋಣೆಪ್ಪನ ಬೀಜದ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತರು.

"ಬೀಜ ಮೊಳಕಿ ಒಡದಿಲ್ಲ ಅಂತ ರೈತರು ದಿನಾ ಬಯ್ಯತಿದ್ರು," ಎಂದ ಗೋಣೆಪ್ಪ. "ಈಗ ಬೀಜನ ಇಲ್ಲ, ಬೈಗುಳನೂ ಇಲ್ಲ."

ನಾನು ಅಂಗಡಿಯ ಮೂಲೆಯಲ್ಲಿ ಉಳಿದಿದ್ದ ಒಂದೇ ಚೀಲಕ್ಕೆ ಕೈ ಹಾಕಿ ಒಂದಿಷ್ಟು ಹತ್ತಿ ಬೀಜ ಎತ್ತಿಕೊಂಡೆ. ಅಂಗೈ ಗುಲಾಬಿಯಾಯಿತು. ಎದುರಿನ ಶೆಡ್ಡಿನಲ್ಲಿ ಗಾಡಿ ಎಂದಿನಂತೆ ನಮಗೆ ಮುಖ ಮಾಡಿ ನಿಂತಿತ್ತು. ನೆತ್ತಿಯ ಮೇಲೆ ಎಡಕ್ಕೆ ಕೆಂಪು, ಬಲಕ್ಕೆ ನೀಲಿ.

ಮರುದಿನ ಠಾಣೆಯ ಅಂಗಳದಲ್ಲಿ ವಿಚಾರಣೆಯ ಸಾಹೇಬರು, ರಫೀಕ, ಗೋಣೆಪ್ಪ, ಮರ್ದಾನಸಾಬ, ಬಾನುಬಿ ಎಲ್ಲರೂ ಸೇರಿದರು. ಕಾಕಾ ಒಂದು ಖಾಲಿ ಟ್ರೈಲರ್ ತರಿಸಿ, ಕೆಂಪು ಮತ್ತು ನೀಲಿ ದೀಪ ಇಟ್ಟರು.

"ಫೈರ್ ಗಾಡಿ ಹಿಂದ ದೀಪ ಹೆಂಗ ಇರತಾವ, ಹಂಗ ಇಡ್ರಿ ನೋಡೂಣು."

ರಫೀಕ ಯೋಚಿಸದೆ ಕೆಂಪನ್ನು ಬಲಕ್ಕೆ ಇಟ್ಟ. ಗೋಣೆಪ್ಪನ ಸರದಿ ಬಂತು. "ಇದೇನ ಹುಡುಗಾಟ," ಎನ್ನುತ್ತ ಕೆಂಪನ್ನು ಎಡಕ್ಕೆ ಇಟ್ಟ.

"ಸಾಹೇಬ್ರ, ಗಾಡಿ ಯಾವಾಗಲೂ ಗೇಟಿಗೆ ಮುಖ ಮಾಡಿ ನಿಂದರತೈತಿ," ಎಂದರು ಕಾಕಾ. "ರಫೀಕ ಅದರ ಬೆನ್ನು ತೊಳಿಯಾಂವ. ಗೋಣೆಪ್ಪ ಬರೇ ಮಾರಿ ನೋಡಾಂವ. ನೋಡಿದ್ದನ್ನ ಹಂಗ ತಂದು ಟ್ರೈಲರಿನ ಬೆನ್ನಿಗೆ ಕಟ್ಯಾನ. ಕೆಂಪು ಬಣ್ಣಾ ಸಿಗಲಿಲ್ಲ, ಬೀಜಕ್ಕ ಹಚ್ಚೋ ಔಷಧ ಬಲ್ಬಿಗೆ ಬಳದಾನ. ಬೆಂಕಿ ಬಿದ್ದ ಮರುದಿನ ಬೀಜದ ನಮೂನಿ ಒಯ್ಯಾಕ ಕೃಷಿ ಅಧಿಕಾರಿಗಳು ಬರೋರಿದ್ರು, ಕೇಳಿಕೊಂಡು ಬಂದೀನಿ. ಗೋದಾಮಿಗೆ ಕಡ್ಡಿ ಕೊರದು, ಗಾಡಿ ಬಂದು ಬೆಂಕಿ ಆರಿಸಬಾರದಂತ ಟ್ರ್ಯಾಕ್ಟರ್ ತಂದು ಹಳೇ ದಾರಿ ಕೂಡೋ ಕಡಿ ಕಾದಾನ. ಸೈರನ್ನಿನ ಸಪ್ಪಳದಾಗ ಟ್ರ್ಯಾಕ್ಟರ್ ಯಾರಿಗೂ ಕೇಳಿಸಲಿಲ್ಲ."

ಗೋಣೆಪ್ಪ ತನ್ನ ಅಂಗೈ ನೋಡಿಕೊಂಡ. ಅದು ಇನ್ನೂ ಗುಲಾಬಿಯಾಗಿಯೇ ಇತ್ತು.

"ಜೀವಾ ತಗಿಯೋ ಮನಸ ಇದ್ದಿಲ್ರಿ," ಎಂದ ಸಣ್ಣ ದನಿಯಲ್ಲಿ. "ಹುಣಸಿಮರದ ಕಡಿ ದೀಪ ಕಿತ್ತು ಹೊಲಕ್ಕ ಇಳದೆ. ಹಳ್ಳದ ಮಟಾ ನಾ ಹೋಗೇ ಇಲ್ಲ."

ಮರ್ದಾನಸಾಬ ಮೊದಲ ಸಲ ತಲೆಯೆತ್ತಿದ.

"ಹುಣಸಿಮರ ದಾಟಿ ಹಳ್ಳದ ಮಟಾ ದೀಪದ ಹಿಂದ ಹೋಗೀನ್ರಿ ನಾನು. ದಂಡ್ಯಾಗ ಕೆಂಪು ಒಮ್ಮಿಗೇ ಕಣ್ಣಿಗೆ ಬಡೀತು. ಬ್ರೇಕ್ ತುಳದೆ. ಇಳದು ನೋಡಿದ್ರ ಮುಂದಿನ ಗಾಲಿಯಿಂದ ಒಂದು ಮೊಳಕ್ಕ ದಾರಿನ ಇಲ್ಲ. ಹಿಂದ ಐದು ಮಂದಿ ಕುಂತಿದ್ರು."

ಕಾಕಾ ಬಹಳ ಮೆಲ್ಲಗೆ ಕೇಳಿದರು.

"ಆವಾಗ ಕೆಂಪು ಯಾ ಕಡಿ ಇತ್ತಪಾ?"

ಮರ್ದಾನಸಾಬ ಕಣ್ಣು ಮುಚ್ಚಿದ. ಎರಡೂ ಕೈ ಸ್ಟೇರಿಂಗ್ ಹಿಡಿದಂತೆ ಗಾಳಿಯಲ್ಲಿ ನಿಂತವು. ಆಮೇಲೆ ಬಲಗೈ ಸ್ವಲ್ಪ ಮೇಲೆದ್ದಿತು.

"ಬಲಕ್ಕ."

ಸಾಹೇಬರ ಪೆನ್ನು ನಿಂತಿತು. "ಅಷ್ಟು ಬರಕೋಬ್ಯಾಡ್ರಿ," ಎಂದರು ಕಾಕಾ.

ಮರ್ದಾನಸಾಬ ಎದ್ದು, ಅಂಗಿಯ ತೋಳಿಗೆ ಮುಖ ಒರೆಸಿಕೊಂಡು, ರಫೀಕನ ಮುಂದೆ ಕೈ ಚಾಚಿದ.

"ಚಾವಿ ಕೊಡೋ."