ಹಾಡು ನಿಂತ ಹೊತ್ತು

ಆಗಸ್ಟ್ ಹದಿನೇಳರ ಬೆಳಿಗ್ಗೆ ಧ್ವನಿವರ್ಧಕದ ಕೆಲಸಗಾರ ತೊಮಿನಾಗಾ ಎನ್ಶೂ ಕಡಲತೀರದ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ಸಂಜೆ, ಟಿಕೆಟ್ ಕೊಂಡ ಸಾವಿರಾರು ಜನ ಮರಳ ಮೇಲೆ ಹಾಕಿದ ಕುರ್ಚಿಗಳಲ್ಲಿ ಕೂತು ಹಾಡಿಗೆ ಹೊಂದಿಸಿದ ಬಾಣಬಿರುಸು ನೋಡುತ್ತಿದ್ದಾಗ, ಎರಡನೇ ಹಾಡು ನಡುವೆಯೇ ನಿಂತುಹೋಗಿತ್ತು. ಬಾಣಗಳು ಮಾತ್ರ ಏರುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ಹಾಡು ಮರಳಿತು.

“ನನ್ನ ಕೈತಪ್ಪು ಅಂತಾರೆ ಸರ್. ನಾಳೆಯಿಂದ ಬರೋದೇ ಬೇಡ ಅಂದ್ಬಿಟ್ರು. ಯಾರೋ ವೈರ್ ಕಿತ್ತಿದ್ದಾರೆ.”

ಇನ್‌ಸ್ಪೆಕ್ಟರ್ ಮಿನೆಗಿಶಿ ಪ್ರಕರಣ ದಾಖಲಿಸಿಕೊಂಡು, ಕಾನ್‌ಸ್ಟೆಬಲ್ ಹಾಯಾಸೆಯನ್ನೂ ತೊಮಿನಾಗಾನನ್ನೂ ಕರೆದುಕೊಂಡು ತೀರಕ್ಕೆ ಹೋದ. ಬಂದ ಜನ ಒಂದು ಕಾಗದದ ಚೂರನ್ನೂ ಬಿಟ್ಟುಹೋಗಿರಲಿಲ್ಲ. ಮಹಜರಿಗೆ ಬರೆಯಲು ಇದ್ದದ್ದು ಇಷ್ಟೇ: ಧ್ವನಿವರ್ಧಕದ ಜನರೇಟರ್ ಬೇಲಿಗೆ ತಾಗಿಕೊಂಡಿದೆ, ಕೊನೆಯ ಸಾಲಿನ ಕುರ್ಚಿಯಿಂದ ಕೈಚಾಚಿದರೆ ಸಿಗುತ್ತದೆ.

“ಇಲ್ಲಿ ಬೇರೇನಾದ್ರೂ ಇತ್ತಾ?”

“ಏನಿಲ್ಲ ಸರ್. ಒಂದು ಸಿಹಿ ಡಬ್ಬಿ, ಅಷ್ಟೇ.”

“ಎಲ್ಲಿ ಅದು?”

ತೊಮಿನಾಗಾ ತಲೆ ತಗ್ಗಿಸಿದ. “ತಿಂದ್ವಿ.”

“ಸಾಕ್ಷ್ಯ ಹೊಟ್ಟೆ ಸೇರ್ತು ಅಂತ ಬರ್ಕೊಳ್ಲಾ ಸರ್?” ಎಂದಳು ಹಾಯಾಸೆ.

ಡಬ್ಬಿಗೆ ಸುತ್ತಿದ ಕಾಗದ ಅವನ ಚೀಲದಲ್ಲೇ ಇತ್ತು. ಮೇಲೆ ಕುಂಚದಲ್ಲಿ ‘ತೊಂದರೆಗೆ ಕ್ಷಮೆಯಿರಲಿ’ ಎಂದು ಬರೆದಿತ್ತು. ಸಂಘಟಕರು ಕಳಿಸಿದ್ದೆಂದು ಅವನು ತಿಳಿದಿದ್ದ. ಮಿನೆಗಿಶಿ ಅದನ್ನು ತಿರುಗಿಸಿ ಅಂಗಡಿಯ ಮುದ್ರೆ ನೋಡಿದ. ತೊಂದರೆ ಕೊಟ್ಟವರು ಯಾರೇ ಇರಲಿ, ಸಿಹಿ ಇಡದೆ ಹೋಗಲು ಅವರಿಗೆ ಮನಸ್ಸು ಬಂದಿರಲಿಲ್ಲ. ತನಗಾದರೂ ಬರುತ್ತಿರಲಿಲ್ಲ.

ಅಂಗಡಿ ಗುಡ್ಡದಾಚೆಯ ಊರಿನಲ್ಲಿತ್ತು.

“ಕ್ಷಮೆ ಕೇಳೋಕೆ ಬೇಕು ಅಂದ್ರು,” ಎಂದಳು ಅಂಗಡಿಯಾಕೆ. “ಏನ್ ತಪ್ಪು ಮಾಡಿದ್ರಿ ಅಂತ ಕೇಳಿದ್ರೆ, ಇನ್ನೂ ಮಾಡಿಲ್ಲ ಅಂದ್ರು! ನಕ್ಕುಬಿಟ್ಟೆ. ಇಸೊಗಾಯ್ ಸುಮಿಯೆ ಅಂತ. ಪಾಪ, ಬಾಣಬಿರುಸಿನ ಕಾರ್ಖಾನೆ ಸಿಡಿದಾಗ ಗಂಡ ಹೋಗ್ಬಿಟ್ರು, ಕಳೆದ ಚಳಿಗಾಲದಲ್ಲೇ.”

ಸುಮಿಯೆ ಬಾಗಿಲು ತೆರೆದವಳೇ ಬಾಗಿ ವಂದಿಸಿದಳು.

“ವೈರ್ ಕಿತ್ತಿದ್ದು ನೀವಾ?”

“ಹೌದು. ಮತ್ತೆ ನಾನೇ ಸಿಕ್ಕಿಸ್ದೆ.”

“ಅದ್ರಿಂದ ಒಬ್ಬನ ಕೆಲಸ ಹೋಗೋ ಹಾಗಿದೆ.”

ಅವಳ ಮುಖ ಬಿಳಿಚಿತು. “ಅಯ್ಯೋ, ಬೇಡ. ನಾನೇ ಮಾಡಿದ್ದು ಅಂತ ಬರ್ಕೊಳ್ಳಿ. ಈಗ್ಲೇ ಬರ್ತೀನಿ.”

“ಯಾಕೆ ಕಿತ್ರಿ?”

“ಆ ಹಾಡಿಗೆ ಹಾರಿಸೋ ಕೊನೇ ಬಾಣದ ಗುಂಡು ನಮ್ಮೋರು ಕಟ್ಟಿದ್ದು. ಅವ್ರ ಕೈದು ಅದೊಂದೇ ಉಳಿದಿತ್ತು ಅಂತ ಕಾರ್ಖಾನೆ ಮಾಲೀಕ್ರು ಹೇಳಿದ್ರು. ಅರಳೋದನ್ನ ಎಲ್ರೂ ನೋಡ್ತಾರೆ, ಉದುರುವಾಗ ಸಣ್ಣಗೊಂದು ಸದ್ದು ಬರುತ್ತೆ ಕಣೇ, ಅದನ್ನ ಯಾರೂ ಕೇಳಲ್ಲ ಅಂತಿದ್ರು ನಮ್ಮೋರು. ಹಾಡು ಶುರುವಾದ್ಮೇಲಂತೂ...”

ಹಾಯಾಸೆ ಬರೆಯುವುದನ್ನು ನಿಲ್ಲಿಸಿದಳು.

“ಕೇಳಿಸ್ತಾ?” ಎಂದ ಮಿನೆಗಿಶಿ. ತನಿಖೆಗೆ ಬೇಡದ ಪ್ರಶ್ನೆ.

“ಇಲ್ಲ. ಹಾಡು ನಿಂತ್ಬಿಡ್ತಲ್ಲ, ಕಾರ್ಯಕ್ರಮ ಕೆಡಬಾರ್ದು ಅಂತ ಜನ ಚಪ್ಪಾಳೆ ತಟ್ಟಿ ತಾಳ ಹಾಕಿದ್ರು. ಒಳ್ಳೇ ಜನ.”

ಮಧ್ಯಾಹ್ನ ಮೂರಕ್ಕೆ ಬಂಧನವನ್ನು ದಾಖಲಿಸಲಾಯಿತು. ಹಾಡು ನಿಂತ ಸಂಜೆ ಮಿನೆಗಿಶಿಯೂ ಆ ತೀರದಲ್ಲೇ ಬಂದೋಬಸ್ತಿಗೆ ನಿಂತಿದ್ದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಲು ಶುರುಮಾಡಿದವರಲ್ಲಿ ಅವನೂ ಒಬ್ಬ. ಅದನ್ನು ಅವನು ಸುಮಿಯೆಗೆ ಹೇಳಲಿಲ್ಲ.