ಅವ್ವನ ಮೇಲ್

೨೦೦೧ರ ಜುಲೈನಲ್ಲಿ ಅವ್ವನನ್ನು ಲಂಡನ್ನಿನ ಅಂಚಿನ ಪಿನ್ನರಿನ ನಮ್ಮ ಮನೆಯಲ್ಲಿ ಬಿಟ್ಟು, ನಾನೂ ಹೆಂಡತಿ ಗುರುದೇವಿಯೂ ಗ್ರೀಸಿನ ದ್ವೀಪವೊಂದಕ್ಕೆ ರಜೆಗೆ ಹೋದೆವು.

"ಮುಟ್ಟಿದ ಕೂಡ್ಲೆ ಮೇಲ್ ಹಾಕು. ಕಾಯ್ಕೋತ ಕುಂತಿರ್ತೀನಿ," ಎಂದಿದ್ದಳು ಅವ್ವ.

ಹೋಟೆಲಿನ ಫೋನಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ದಿನವೂ ಅವಳದೇ ಮೇಲ್ ಬಂದಿರುತ್ತಿತ್ತು. "ಊಟ ಆತೇನಪಾ?" ಅದೊಂದೇ ಸಾಲು. ತೆರೆದಾಗಲೆಲ್ಲ ಅಂಥ ಸೆಕೆಯಲ್ಲೂ ಕೀಬೋರ್ಡು ತಣ್ಣಗಾಗುತ್ತಿತ್ತು. ಮನೆಗೆ ಫೋನ್ ಮಾಡಿದರೆ ಸದಾ ಎಂಗೇಜ್.

"ಅತ್ತಿ ಇಂಟರ್ನೆಟ್‌ನ್ಯಾಗ ಕುಂತಾರ, ಅದಕ್ಕ ಫೋನ್ ಲೈನ್ ಖಾಲಿ ಇಲ್ಲ, ಬಿಡ್ರಿ," ಎಂದು ಗುರುದೇವಿ ನಕ್ಕಳು.

ಏಳನೆಯ ದಿನ ಮರಳಿದಾಗ ಅವ್ವ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲೇ ಸತ್ತಿದ್ದಳು. ನಾವು ಹೊರಟ ದಿನವೇ ಜೀವ ಹೋಗಿದೆ ಎಂದರು ಡಾಕ್ಟರು.

ಆ ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಒಂದೇ ಒಂದು ತಂತಿಯನ್ನು ಲ್ಯಾಪ್‌ಟಾಪಿಗೆಂದು ನಾನೇ ಬಿಚ್ಚಿಕೊಂಡು ಒಯ್ದಿದ್ದೆ. ಅವ್ವನಿಗೆ ಹೇಳಿರಲಿಲ್ಲ.